ಮನೆ ಮಾಲೀಕರ ಖರ್ಚು ಯಾರ ತಲೆಯ ಮೇಲೆ?



"ಖರ್ಚೆಲ್ಲ ಜಾಸ್ತಿ ಆಗಿದೆ, ಮುಂದಿನ ತಿಂಗಳಿಂದ ಎರಡು ಸಾವಿರ ಸೇರಿಸಿ ಕೊಡಿ." ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಲ್ಲಿ ಈ ಮಾತು ಕೇಳದವರು ಕಡಿಮೆ. ಮನೆ ಬಾಡಿಗೆಗೆ ಕೊಟ್ಟವರಲ್ಲಿ ಆಡದವರೂ ಕಡಿಮೆ. ಈ ಒಂದು ಮಾತು ಎಷ್ಟರ ಮಟ್ಟಿಗೆ ನಿಜ ಎಂದು ನೋಡುವುದೇ ಇವತ್ತಿನ ನನ್ನ ಕೆಲಸ. ಮಾಲೀಕರ ಖರ್ಚು ಏರಿದರೆ ಬಾಡಿಗೆ ಏರುತ್ತದೆಯೇ? ಏರುವುದಾದರೆ ಯಾವ ದಾರಿಯಿಂದ, ಎಷ್ಟು ಕಾಲಕ್ಕೆ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಮಾಲೀಕರು ಹೇಳುವುದು: ನಮ್ಮ ಕೈಯಿಂದ ಹೋದದ್ದನ್ನು ನಾವು ಬಾಡಿಗೆಯಲ್ಲಿ ಹಿಡಿಯದೆ ಇನ್ನೆಲ್ಲಿಂದ ತರುವುದು? ಬಾಡಿಗೆದಾರರು ಹೇಳುವುದು: ಖರ್ಚೆಂಬುದು ನೆಪ, ಸಿಕ್ಕಷ್ಟು ಕೀಳುವುದೇ ಉದ್ದೇಶ. ಎರಡರಲ್ಲೂ ಹುರುಳಿದೆ, ಎರಡೂ ಪೂರ್ತಿ ನಿಜವಲ್ಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೀಕರ ಖರ್ಚು ಬಾಡಿಗೆದಾರರ ಮೇಲೆ ಬರುವುದು ಖಂಡಿತ. ಆದರೆ ಅದು ಬರುವುದು ಬಾಡಿಗೆದಾರರಿಗೆ ಬೇರೆಲ್ಲಿಗೂ ಹೋಗಲು ಆಗದೆ ಇರುವಾಗ. ಹೋಗುವ ದಾರಿ ಇದ್ದಾಗ ಆ ಖರ್ಚು ಮಾಲೀಕರ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಖರ್ಚಿನ ಲೆಕ್ಕ ನೋಡುವಷ್ಟೇ ಗಮನ ಕೊಟ್ಟು ಬಾಡಿಗೆದಾರರ ದಾರಿ ಮುಚ್ಚಿದ್ದು ಯಾವುದು ಎಂಬುದನ್ನೂ ನೋಡಬೇಕು.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ದೊಡ್ಡ ಪಾಲು ದೊಡ್ಡ ಕಂಪನಿಗಳದ್ದಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು, ಮೇಲಿನ ಎರಡು-ಮೂರು ಅಂತಸ್ತನ್ನು ಬಾಡಿಗೆಗೆ ಬಿಟ್ಟವರು ಬಡಾವಣೆ ಬಡಾವಣೆಗಳಲ್ಲಿ ಸಿಗುತ್ತಾರೆ. ಪಿಂಚಣಿಯ ಜೊತೆಗೆ ಆ ಬಾಡಿಗೆಯೇ ಅವರ ಔಷಧದ ಖರ್ಚು, ಮಕ್ಕಳ ಮದುವೆಗೆ ಮಾಡಿದ ಸಾಲದ ಕಂತು. ಇಂಥವರನ್ನು ಶೋಷಕರೆಂದು ಕರೆದರೆ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಅವರ ಖರ್ಚುಗಳು ನಿಜವಾದವು. ಮನೆ ಕಂದಾಯ, ನೀರು, ಪಂಪು ಮತ್ತು ಮೆಟ್ಟಿಲ ದೀಪದ ಕಾಮನ್ ಮೀಟರಿನ ಬಿಲ್ಲು, ಸಂಪು ತೊಳೆಸುವುದು, ಒಬ್ಬರು ಬಿಟ್ಟು ಹೋದ ಮೇಲೆ ಸುಣ್ಣಬಣ್ಣ, ಇನ್ನೊಬ್ಬರು ಬರುವ ತನಕ ಖಾಲಿ ಬಿದ್ದ ತಿಂಗಳು, ಕಟ್ಟಡಕ್ಕೆ ಮಾಡಿದ ಸಾಲ. ಒಂದೊಂದನ್ನೂ ಬಿಡಿಸಿ ನೋಡಿದರೆ ಅವು ಬಾಡಿಗೆಯ ಮೇಲೆ ಒಂದೇ ರೀತಿ ಬೀಳುವುದಿಲ್ಲ ಎಂದು ಗೊತ್ತಾಗುತ್ತದೆ.

ಕಂದಾಯದಿಂದ ಶುರು ಮಾಡೋಣ, ಏಕೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ. ಬೆಂಗಳೂರಿನಲ್ಲಿ 2008ರಿಂದ ಆಸ್ತಿ ತೆರಿಗೆಯನ್ನು ಹಾಕುವುದು ಚದರಡಿಗೆ ಇಷ್ಟು ಎಂಬ ಘಟಕ ಮೌಲ್ಯದ ಲೆಕ್ಕದಲ್ಲಿ. ಊರನ್ನು ಎ ಇಂದ ಎಫ್ ತನಕ ವಲಯಗಳಾಗಿ ಮಾಡಿದ್ದಾರೆ. 2016ರ ಪರಿಷ್ಕರಣೆಯಲ್ಲಿ ಡಿ ವಲಯದ ವಾಸದ ಮನೆಗೆ, ಮಾಲೀಕರೇ ಇದ್ದರೆ ಚದರಡಿಗೆ ತಿಂಗಳಿಗೆ 1 ರೂಪಾಯಿ 60 ಪೈಸೆ, ಬಾಡಿಗೆಗೆ ಕೊಟ್ಟಿದ್ದರೆ 3 ರೂಪಾಯಿ 20 ಪೈಸೆ ಎಂದು ನಿಗದಿಯಾಯಿತು. ಗಮನಿಸಿ, ಸರಿಯಾಗಿ ಎರಡು ಪಟ್ಟು. ಈ ವ್ಯತ್ಯಾಸಕ್ಕೆ ಆಮೇಲೆ ಮತ್ತೆ ಬರುತ್ತೇನೆ. 600 ಚದರಡಿಯ ಬಾಡಿಗೆ ಮನೆಯೊಂದನ್ನು ತೆಗೆದುಕೊಳ್ಳಿ. 3.20ನ್ನು 600ರಿಂದ, ಅದನ್ನು ನಿಯಮದ ಪ್ರಕಾರ ಹತ್ತು ತಿಂಗಳಿಂದ ಗುಣಿಸಿದರೆ 19,200. ಕಟ್ಟಡದ ವಯಸ್ಸಿಗೆ ಸಿಗುವ ಸವಕಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಅದರ ಶೇ. 20, ಅಂದರೆ 3,840 ರೂಪಾಯಿ ತೆರಿಗೆ. ಅದರ ಮೇಲೆ ಶೇ. 24 ಸೆಸ್. ಒಟ್ಟು ವರ್ಷಕ್ಕೆ ಸುಮಾರು 4,760. ತಿಂಗಳಿಗೆ 400 ರೂಪಾಯಿಯೊಳಗೆ. 2025ರ ಏಪ್ರಿಲ್‌ನಿಂದ ಇದರ ಜೊತೆಗೆ ಕಸದ ಶುಲ್ಕ ಸೇರಿದೆ. 600 ಚದರಡಿಯೊಳಗಿನ ಮನೆಗೆ ಅದು ತಿಂಗಳಿಗೆ 10 ರೂಪಾಯಿ, ಸಾವಿರದಿಂದ ಎರಡು ಸಾವಿರ ಚದರಡಿಯದ್ದಕ್ಕೆ 100.

ಹಾಗಾದರೆ ಎರಡು ಸಾವಿರ ರೂಪಾಯಿ ಏರಿಕೆಗೆ ಕಂದಾಯ ಕಾರಣ ಎಂದರೆ ಲೆಕ್ಕ ಕೂಡುವುದಿಲ್ಲ. ಇಡೀ ಕಂದಾಯವೇ 400 ರೂಪಾಯಿ. ಅದರಲ್ಲಿ ಆಗುವ ಏರಿಕೆ ಅದರ ಒಂದು ತುಣುಕು.

ನೀರಿನ ವಿಷಯ ಬೇರೆ. 2024ರ ಬೇಸಗೆಯನ್ನು ಇಲ್ಲಿರುವ ಯಾರೂ ಮರೆತಿರಲಾರರು. ಸಾವಿರಾರು ಬೋರ್‌ವೆಲ್‌ಗಳು ಬತ್ತಿದವು. ಟ್ಯಾಂಕರಿನವರು ಕೇಳಿದ್ದೇ ಬೆಲೆಯಾಯಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆರು ಮನೆಗಳಿರುವ ಒಂದು ಕಟ್ಟಡ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಇಟ್ಟುಕೊಳ್ಳಿ. ತಿಂಗಳಿಗೆ 97,000 ಲೀಟರ್ ದಾಟುತ್ತದೆ. ಕಾವೇರಿ ನೀರೂ ಇಲ್ಲ, ಬೋರ್‌ವೆಲ್ಲೂ ಇಲ್ಲ ಎಂದರೆ ದೊಡ್ಡ ಟ್ಯಾಂಕರ್ ಎಂಟು ಸಲ ಬರಬೇಕು. ಸರ್ಕಾರ ಕಟ್ಟಿದ ದರದಲ್ಲೇ 8,000 ರೂಪಾಯಿ ಮೇಲೆ, ಮನೆಯೊಂದಕ್ಕೆ 1,350 ರೂಪಾಯಿ. ಅದರ ಎರಡು ಪಟ್ಟು ಕೇಳಿದ ಟ್ಯಾಂಕರಿನವರೂ ಆ ದಿನಗಳಲ್ಲಿ ಇದ್ದರು. ಅಂದರೆ ಒಂದು ವರ್ಷದ ಕಂದಾಯದಷ್ಟು ಹಣ ಎರಡು-ಮೂರು ತಿಂಗಳಲ್ಲಿ ಸಂಪಿನೊಳಗೆ ಹೋಯಿತು. ವೈಟ್‌ಫೀಲ್ಡ್, ವರ್ತೂರು ಕಡೆಯ ಮಾಲೀಕರು ಖರ್ಚಾಗಿದೆ ಎಂದಾಗ ಅವರು ಹೇಳಿದ್ದು ಸುಳ್ಳಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮಾಲೀಕರ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದನ್ನು ಪರೀಕ್ಷೆಗೆ ಒಡ್ಡುವ ಒಂದು ಕಾಲ ನಮ್ಮ ಕಣ್ಣೆದುರೇ ಕಳೆದಿದೆ. 2020 ಮತ್ತು 2021. ಕೋವಿಡ್ ಬಂತು, ಕಚೇರಿಗಳು ಮುಚ್ಚಿದವು, ಲ್ಯಾಪ್‌ಟಾಪ್ ಹಿಡಿದ ಹುಡುಗರು ಹಾಸನಕ್ಕೋ ಹುಬ್ಬಳ್ಳಿಗೋ ಪಟ್ನಾಗೋ ಹೊರಟುಹೋದರು. ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು ನೇತಾಡಿತು. ಆಗ ಮಾಲೀಕರ ಖರ್ಚು ಕಡಿಮೆಯಾಗಿತ್ತೇ? ಕಂದಾಯ ಅಷ್ಟೇ ಇತ್ತು. ಸಾಲದ ಕಂತು ಕೆಲವು ತಿಂಗಳು ಮುಂದೆ ಹೋಯಿತೇ ಹೊರತು ಮಾಫಿ ಆಗಲಿಲ್ಲ. ಖಾಲಿ ಮನೆಯ ನಷ್ಟ ಬೇರೆ. ಖರ್ಚೇ ಬಾಡಿಗೆಯನ್ನು ತೀರ್ಮಾನಿಸುವುದಾದರೆ ಆ ಎರಡು ವರ್ಷ ಬಾಡಿಗೆ ಏರಬೇಕಿತ್ತು. ಅದು ಇಳಿಯಿತು. ಇದ್ದವರು ಬಿಟ್ಟು ಹೋಗದಿದ್ದರೆ ಸಾಕು ಎಂದು ಮಾಲೀಕರೇ ಕಡಿಮೆ ಮಾಡಿಕೊಂಡರು. 2022ರಲ್ಲಿ ಕಚೇರಿಗಳು ಮತ್ತೆ ತೆರೆದಾಗ, 2016ರ ಕಂದಾಯದ ದರವೇ ಜಾರಿಯಲ್ಲಿದ್ದಾಗ, ಬಾಡಿಗೆ ಜಿಗಿಯಿತು. ಒಂದು ಮನೆ ನೋಡಲು ಹತ್ತು ಜನ ಮೆಟ್ಟಿಲ ಮೇಲೆ ನಿಂತರು. ಸಂಬಳದ ಚೀಟಿ ತೋರಿಸಿ, ಓದಿದ ಕಾಲೇಜು ಹೇಳಿ, ಸಂದರ್ಶನ ಕೊಟ್ಟು ಮನೆ ಹಿಡಿಯುವ ಕಾಲ ಬಂತು.

ಈ ಮೂರು ವರ್ಷಗಳು ನಮಗೆ ಕಲಿಸುವುದು ಸ್ಪಷ್ಟವಾಗಿದೆ. ಇವತ್ತು ನಾಳೆಯ ಮಟ್ಟಿಗೆ ಬಾಡಿಗೆಯನ್ನು ತೀರ್ಮಾನಿಸುವುದು ಎಷ್ಟು ಮನೆ ಖಾಲಿ ಇವೆ, ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದು. ಮಾಲೀಕರ ಡೈರಿಯ ಖರ್ಚಿನ ಪಟ್ಟಿ ಅಲ್ಲಿ ನೇರವಾಗಿ ಮಾತಾಡುವುದಿಲ್ಲ.

ಸಾಲದ ಕಂತಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳ ಆರಂಭದಲ್ಲಿ ಶೇ. 4 ಇತ್ತು. 2023ರ ಫೆಬ್ರುವರಿ ಹೊತ್ತಿಗೆ ಶೇ. 6.5 ಆಯಿತು. 20 ವರ್ಷದ ಅವಧಿಗೆ 30 ಲಕ್ಷ ಸಾಲ ಮಾಡಿ ಮನೆ ಕಟ್ಟಿದವರ ಬಡ್ಡಿ ಶೇ. 6.5ರಿಂದ ಶೇ. 9ಕ್ಕೆ ಹೋದರೆ ಕಂತು 22,400ರಿಂದ ಸುಮಾರು 27,000ಕ್ಕೆ ಏರುತ್ತದೆ. ತಿಂಗಳಿಗೆ 4,600 ರೂಪಾಯಿ ಹೊರೆ. ಅದನ್ನು ಬಾಡಿಗೆಗೆ ಸೇರಿಸಲು ಅವರು ಬಯಸುವುದು ಸಹಜ. ಆದರೆ ಪಕ್ಕದ ಮನೆಯವರು ಮೂವತ್ತು ವರ್ಷದ ಹಿಂದೆ ಕಟ್ಟಿಸಿ ಸಾಲ ತೀರಿಸಿದ್ದಾರೆ. ಅವರಿಗೆ ಆ ಹೊರೆ ಇಲ್ಲ. ಎರಡೂ ಮನೆ ಒಂದೇ ಅಳತೆ, ಒಂದೇ ಬೀದಿ. ಬಾಡಿಗೆದಾರರು ಎರಡಕ್ಕೂ ಒಂದೇ ಬೆಲೆ ಕಟ್ಟುತ್ತಾರೆ. ಒಬ್ಬ ಮಾಲೀಕರಿಗೆ ಮಾತ್ರ ಬಂದ ಖರ್ಚು ಅವರ ಬಳಿಯೇ ಉಳಿಯುತ್ತದೆ. ಬೀದಿಯ ಎಲ್ಲ ಮಾಲೀಕರಿಗೂ ಒಟ್ಟಿಗೆ ಬಂದ ಖರ್ಚು ಮಾತ್ರ, ಅದೂ ಬಾಡಿಗೆದಾರರು ಆ ಬೀದಿ ಬಿಡಲಾಗದಿದ್ದರೆ, ಬಾಡಿಗೆಗೆ ಸೇರುತ್ತದೆ. ಕಚೇರಿ, ಮಕ್ಕಳ ಶಾಲೆ, ಹೊರವರ್ತುಲ ರಸ್ತೆಯ ಟ್ರಾಫಿಕ್ ಇವು ಸೇರಿ ಎಷ್ಟೋ ಕುಟುಂಬಗಳನ್ನು ಆ ಬೀದಿಗೆ ಕಟ್ಟಿಹಾಕಿವೆ. ವರ್ತೂರಿನಲ್ಲಿ ನೀರಿಲ್ಲ ಎಂದು ಜಯನಗರಕ್ಕೆ ಹೋಗಿ ಎಂದರೆ ಹೋಗಲು ಆಗುವುದು ಕೆಲವರಿಗೆ ಮಾತ್ರ.

ಸಾಲದ ಹೊರೆ ಬಾಡಿಗೆಗೆ ಸೇರದೆ, ಬಾಡಿಗೆದಾರರ ಮೇಲೆ ಬೇರೆ ಬಾಗಿಲಿನಿಂದ ಬರುವುದೂ ಉಂಟು. ಕಂತು ಕಟ್ಟಲಾಗದ ಮಾಲೀಕರು ಮನೆಯನ್ನು ಭೋಗ್ಯಕ್ಕೆ ಕೊಡುತ್ತಾರೆ. ತಿಂಗಳ ಬಾಡಿಗೆ ಇಲ್ಲ, ಹತ್ತಿಪ್ಪತ್ತು ಲಕ್ಷ ಒಂದೇ ಸಲ ಕೊಡಬೇಕು, ಮೂರು ವರ್ಷದ ಮೇಲೆ ವಾಪಸ್ಸು. ಆ ಹಣ ಹಳೆಯ ಸಾಲಕ್ಕೆ ಹೋಗುತ್ತದೆ. ಆಮೇಲೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸು ಅಂಟಿಸಿದಾಗ, ಮನೆ ಅಡಮಾನದಲ್ಲಿತ್ತು ಎಂಬುದು ಬಾಡಿಗೆದಾರರಿಗೆ ಮೊದಲ ಸಲ ಗೊತ್ತಾಗುತ್ತದೆ. ಬ್ಯಾಂಕಿನ ಅಡಮಾನ ಹಳೆಯದಾದ್ದರಿಂದ ಅದರ ಹಕ್ಕೇ ಮುಂದು. ಜೀವಮಾನದ ಉಳಿತಾಯ ಕಳೆದುಕೊಂಡ ಕುಟುಂಬಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.  

ಇನ್ನು ಖರ್ಚಿನ ನಿಧಾನದ ದಾರಿ. ಇದು ಕಣ್ಣಿಗೆ ಬೀಳುವುದಿಲ್ಲ, ಆದರೆ ಇದೇ ಮುಖ್ಯ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಮನೆ ಬಾಡಿಗೆಯನ್ನು ಎರಡು ಭಾಗ ಮಾಡಿ ನೋಡಿದ. ಒಂದು ಕಟ್ಟಡದ ಬಾಡಿಗೆ, ಇನ್ನೊಂದು ನೆಲದ ಬಾಡಿಗೆ. ಕಟ್ಟಿಸಿದವನಿಗೆ ಆ ಹಣವನ್ನು ಭದ್ರವಾದ ಕಡೆ ಬಡ್ಡಿಗೆ ಕೊಟ್ಟಿದ್ದರೆ ಬರುತ್ತಿದ್ದಷ್ಟು, ಜೊತೆಗೆ ಮನೆಯನ್ನು ದುರಸ್ತಿಯಲ್ಲಿಡಲು ಬೇಕಾದಷ್ಟು ಕಟ್ಟಡದ ಬಾಡಿಗೆಯಿಂದ ಹುಟ್ಟಬೇಕು. ಹುಟ್ಟದಿದ್ದರೆ ಜನ ಮನೆ ಕಟ್ಟುವುದನ್ನು ಬಿಡುತ್ತಾರೆ, ಮನೆಗಳು ಕಡಿಮೆಯಾಗಿ ಬಾಡಿಗೆ ತಾನಾಗಿ ಮೇಲೆ ಬರುತ್ತದೆ ಎಂಬುದು ಅವನ ತರ್ಕ. ಇನ್ನೂರೈವತ್ತು ವರ್ಷ ಹಳೆಯದಾದರೂ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ನಮ್ಮ ಊರಿಗೆ ಇದನ್ನು ಅನ್ವಯಿಸಿ ನೋಡಿ. ನೆಲ ಮತ್ತು ಕಟ್ಟಡ ಸೇರಿ 80 ಲಕ್ಷ ಬೆಲೆಬಾಳುವ ಮನೆಗೆ ತಿಂಗಳಿಗೆ 20,000 ಬಾಡಿಗೆ ಬಂದರೆ ವರ್ಷಕ್ಕೆ 2.4 ಲಕ್ಷ, ಶೇ. 3. ನಮ್ಮ ನಗರಗಳಲ್ಲಿ ವಾಸದ ಮನೆಯ ಹುಟ್ಟುವಳಿ ಹೆಚ್ಚುಕಡಿಮೆ ಈ ಮಟ್ಟದ್ದೇ. ಅದೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಅದರ ಎರಡು ಪಟ್ಟು ಬರುತ್ತದೆ. ಮತ್ತೇಕೆ ಜನ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ? ನೆಲದ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ಬಾಡಿಗೆ ಅವರಿಗೆ ಮೇಲಿನ ಗಳಿಕೆ. ಆ ತೆಳ್ಳನೆಯ ಶೇ. 3ರಿಂದ ದುರಸ್ತಿ, ಕಂದಾಯ, ಖಾಲಿ ತಿಂಗಳು ಎಲ್ಲ ಕಳೆದು, ಅದರ ಮೇಲೆ ವರ್ಷಕ್ಕೆ ಇನ್ನೂ 24,000 ರೂಪಾಯಿ ನೀರಿಗೋ ದುರಸ್ತಿಗೋ ಹೋದರೆ ಬಾಡಿಗೆಯ ಹತ್ತರಲ್ಲಿ ಒಂದು ಪಾಲು ಹೋದಂತೆ. ಆಗ ಲೆಕ್ಕ ಗೊತ್ತಿದ್ದ ಮನುಷ್ಯ ಮೂರು ಕೆಲಸಗಳಲ್ಲಿ ಒಂದನ್ನು ಮಾಡುತ್ತಾನೆ. ಸೈಟನ್ನು ಖಾಲಿ ಬಿಡುತ್ತಾನೆ. ಮನೆಗೆ ಬೀಗ ಹಾಕುತ್ತಾನೆ. ಇಲ್ಲವೇ ಕುಟುಂಬಕ್ಕೆ ಕೊಡುವುದನ್ನು ನಿಲ್ಲಿಸಿ ಒಂದೊಂದು ಕೋಣೆಗೆ ಮೂರು ಮಂಚ ಹಾಕಿ ಪಿಜಿ ಮಾಡುತ್ತಾನೆ.

ಮೂರೂ ನಡೆಯುತ್ತಿವೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ 1 ಕೋಟಿ 10 ಲಕ್ಷ ಮನೆಗಳು ಖಾಲಿ ಇದ್ದವು. ಅದೇ ನಗರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆಯಲ್ಲಿದ್ದವು. ಬೀಗ ಹಾಕಿದ ಮನೆಯೂ ಮನೆ ಹುಡುಕುವ ಕುಟುಂಬವೂ ಒಂದೇ ವಾರ್ಡಿನಲ್ಲಿ ಇರುವುದು ನಮ್ಮ ವ್ಯವಸ್ಥೆಯ ದೊಡ್ಡ ಸೋಲು. ಇನ್ನೊಂದು ಉದಾಹರಣೆ ಇತ್ತೀಚಿನದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್ತು ನೀರಿನ ಸಂಪರ್ಕ ಕೊಡಬಾರದು ಎಂದಿತು. ನಕ್ಷೆ ಮೀರಿ ಕಟ್ಟುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಅಂಥ ಪತ್ರ ಪಡೆಯುವ ರೂಢಿಯೇ ಇಲ್ಲದ ನಮ್ಮ ಊರಿನಲ್ಲಿ, 2025ರಲ್ಲಿ ಕಟ್ಟಿ ಮುಗಿಸಿದ ಎಷ್ಟೋ ಸಣ್ಣ ಮನೆಗಳು ಮೀಟರಿಲ್ಲದೆ ಕಾದವು. ಕಾಯುವ ಪ್ರತಿ ತಿಂಗಳೂ ಬಡ್ಡಿಯ ತಿಂಗಳೇ. ಬಾಡಿಗೆಗೆ ಬರಬೇಕಿದ್ದ ಮನೆ ಬರಲಿಲ್ಲ, ಇದ್ದ ಮನೆಗಳ ಮೇಲೆ ಒತ್ತಡ ಹೆಚ್ಚಿತು. ಹೀಗೆ ಖರ್ಚು ಬಾಡಿಗೆಗೆ ತಲುಪಲು ಎರಡು, ಮೂರು, ಐದು ವರ್ಷ ಬೇಕಾಗುತ್ತದೆ. ಕೊಡುವವರಿಗೆ ತಾವು ಯಾವುದರ ಬೆಲೆ ಕೊಡುತ್ತಿದ್ದೇವೆ ಎಂಬುದು ಆಗ ಗೊತ್ತೇ ಆಗುವುದಿಲ್ಲ.

ಬಾಡಿಗೆಗೆ ಮಿತಿ ಹಾಕಿಬಿಟ್ಟರೆ ಸಾಲದೇ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಅದಕ್ಕೆ ಮುಂಬಯಿಯ ಅನುಭವವನ್ನು ಹೇಳಲೇಬೇಕು. ಉಡುಪಿ ಹೋಟೆಲುಗಳ ಮೂಲಕ ನಮ್ಮ ಕರಾವಳಿಯ ಸಾವಿರಾರು ಜನ ಬದುಕು ಕಟ್ಟಿಕೊಂಡ ಊರು ಅದು. 1947ರ ಬಾಂಬೆ ಬಾಡಿಗೆ ಕಾನೂನು ಅಲ್ಲಿನ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧದ ನಂತರ, ದೇಶ ವಿಭಜನೆಯ ದಿನಗಳಲ್ಲಿ ಅದು ಬೇಕಾಗಿತ್ತು, ಲಕ್ಷಾಂತರ ಬಡವರನ್ನು ಬೀದಿಪಾಲಾಗದಂತೆ ಕಾಪಾಡಿತು. ಆದರೆ ಗಾರೆಯವರ ಕೂಲಿ, ಕಬ್ಬಿಣ, ಸುಣ್ಣ, ನಗರಪಾಲಿಕೆಯ ತೆರಿಗೆ ಎಲ್ಲ ಏರುತ್ತಾ ಹೋದರೂ ಬಾಡಿಗೆ ಅರ್ಧ ಶತಮಾನ ಅಲ್ಲೇ ನಿಂತಿತು. ಮಾಲೀಕರು ದುರಸ್ತಿ ಬಿಟ್ಟರು. ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳು ಮಳೆಗಾಲ ಬಂದಾಗ ಕುಸಿಯತೊಡಗಿದವು. ದುರಸ್ತಿಗೆ ಸರ್ಕಾರವೇ ಮಂಡಳಿ ಮಾಡಿ ಸೆಸ್ ವಸೂಲಿ ಮಾಡಬೇಕಾಯಿತು. ಇತ್ತ ಹೊಸಬರಿಗೆ ಮನೆ ಬೇಕೆಂದರೆ ಪಗಡಿ ಎಂಬ ದೊಡ್ಡ ಮೊತ್ತ ಕೊಡಬೇಕು. ಅಂದರೆ ಕಾಗದದ ಮೇಲಿನ ಬಾಡಿಗೆ ಏರದಿದ್ದರೂ ಮಾಲೀಕರ ಖರ್ಚು ಬೇರೆ ಎರಡು ರೂಪದಲ್ಲಿ ಬಾಡಿಗೆದಾರರಿಗೇ ಬಂತು. ಹಳಬರಿಗೆ ಸೋರುವ ಚಾವಣಿಯಾಗಿ, ಹೊಸಬರಿಗೆ ಪಗಡಿಯಾಗಿ. ಕೊನೆಗೆ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, 1997ರ ಡಿಸೆಂಬರ್‌ನಲ್ಲಿ, ಹೀಗೆ ಬಾಡಿಗೆಯನ್ನು ಕಾಲಕ್ಕೆ ತಕ್ಕಂತೆ ಬದಲಿಸದೆ ನಿಲ್ಲಿಸುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2000ದಲ್ಲಿ ಜಾರಿಗೆ ಬಂದ ಹೊಸ ಕಾನೂನು ವರ್ಷಕ್ಕೆ ಶೇ. 4 ಏರಿಸಲು ಅವಕಾಶ ಕೊಟ್ಟಿತು.

ಕರ್ನಾಟಕದಲ್ಲೂ 1961ರ ಬಾಡಿಗೆ ನಿಯಂತ್ರಣ ಕಾನೂನು ಇತ್ತು. ಅದರ ಜಾಗಕ್ಕೆ ಬಂದ 1999ರ ಕಾನೂನು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಆ ಮೊತ್ತಕ್ಕೆ ಈ ಊರಿನಲ್ಲಿ ಒಂದು ಕುಟುಂಬ ಇರಬಹುದಾದ ಮನೆ ಎಲ್ಲಿದೆ? ಹಾಗಾಗಿ ಹೆಚ್ಚುಕಡಿಮೆ ಎಲ್ಲರೂ 11 ತಿಂಗಳ ಕರಾರು ಪತ್ರದ ಮೇಲೆ ಬದುಕುತ್ತಿದ್ದಾರೆ. ಒಂದು ವರ್ಷ ದಾಟಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು 11 ತಿಂಗಳು. ಮುಂಬಯಿ ಒಂದು ತುದಿ, ನಾವು ಇನ್ನೊಂದು ತುದಿ.

ಈಗ ಒಂದು ಪ್ರಶ್ನೆ ಉಳಿಯಿತು. ಖರ್ಚು ಏರಿದಾಗ ಬಾಡಿಗೆ ಏರುವುದಾದರೆ ಖರ್ಚು ಇಳಿದಾಗ ಇಳಿಯಬೇಕಲ್ಲವೇ? 2025ರಲ್ಲಿ ರೆಪೊ ದರ ಶೇ. 6.5ರಿಂದ ಶೇ. 5.25ಕ್ಕೆ ಇಳಿಯಿತು. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18 ಆಯಿತು. ಯಾವ ಮಾಲೀಕರೂ ಬಂದು "ನಮ್ಮ ಕಂತು ಇಳಿದಿದೆ, ಸಾವಿರ ಕಡಿಮೆ ಕೊಡಿ" ಎಂದಿಲ್ಲ. ಇಲ್ಲಿ ನಮಗೆ ಈ ವ್ಯವಹಾರದ ಗುಟ್ಟು ಸಿಗುತ್ತದೆ ಎಂದು ನಾನು ನಂಬುತ್ತೇನೆ. ಅದು ಬಾಡಿಗೆದಾರರ ಖರ್ಚಿನಲ್ಲಿದೆ, ಮನೆ ಬದಲಿಸುವ ಖರ್ಚಿನಲ್ಲಿ.

20,000 ಬಾಡಿಗೆಯ ಮನೆ ಖಾಲಿ ಮಾಡಬೇಕೆಂದರೆ ಏನೇನು ಆಗುತ್ತದೆ ನೋಡಿ. ಹೊಸ ಮನೆ ತೋರಿಸಿದ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಹಳೆಯ ಮನೆಯ ಮಾಲೀಕರು ಬಣ್ಣಕ್ಕೆಂದು ಮುರಿದುಕೊಳ್ಳುವುದು ಇನ್ನೊಂದು ತಿಂಗಳ ಬಾಡಿಗೆ. ಸಾಮಾನು ಸಾಗಿಸುವ ಲಾರಿ, ಆಳುಗಳ ಕೂಲಿ, ಗೀಸರು ಫ್ಯಾನು ಬಿಚ್ಚಿ ಹಾಕಿಸುವುದು, ಗ್ಯಾಸ್, ಆಧಾರ್ ವಿಳಾಸ. 50,000 ರೂಪಾಯಿ ಸುಲಭವಾಗಿ ಕರಗುತ್ತದೆ. ಇದರ ಮೇಲೆ ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬಹುಕಾಲದ ರೂಢಿ. ಎರಡು ಲಕ್ಷ ರೂಪಾಯಿ ಹಳೆಯ ಮನೆಯಿಂದ ವಾಪಸ್ಸು ಬರುವ ಮೊದಲೇ ಹೊಸ ಮನೆಗೂ ಅಂಥದ್ದೇ ಮೊತ್ತ ಕೊಡಬೇಕು. ಸಾಲ ಮಾಡದೆ ಎಷ್ಟು ಸಂಬಳದಾರರಿಗೆ ಇದು ಸಾಧ್ಯ? ಶಾಲೆಗೆ ಹೋಗುವ ಮಕ್ಕಳಿದ್ದರಂತೂ ಮಾತೇ ಇಲ್ಲ.

ಈಗ ಎರಡು ಸಾವಿರದ ಏರಿಕೆಯನ್ನು ಇದರ ಪಕ್ಕದಲ್ಲಿಡಿ. ವರ್ಷಕ್ಕೆ 24,000. ಮನೆ ಬಿಟ್ಟರೆ 50,000. ಬಾಡಿಗೆದಾರರು ಒಪ್ಪುತ್ತಾರೆ. ಮುಂದಿನ ವರ್ಷ ಮತ್ತೆ ಒಪ್ಪುತ್ತಾರೆ. ಮಾಲೀಕರು ಕೂತು ಈ ಲೆಕ್ಕ ಹಾಕಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಬೀದಿಯ ರೂಢಿಯಾಗಿ, ಕರಾರಿನ ಶೇ. 5 ಅಥವಾ ಶೇ. 10ರ ಸಾಲಾಗಿ ಅದು ತಾನೇ ನೆಲೆಗೊಂಡಿದೆ. ಮಾಲೀಕರ ಖರ್ಚು ಏರಿಕೆಗೆ ಕಾರಣ ಒದಗಿಸುತ್ತದೆ. ಬಾಡಿಗೆದಾರರು ಅಲುಗಾಡಲಾರದ ಸ್ಥಿತಿ ಅದಕ್ಕೆ ಜಾಗ ಒದಗಿಸುತ್ತದೆ. ಖರ್ಚು ಇಳಿದಾಗಲೂ ಆ ಸ್ಥಿತಿ ಬದಲಾಗುವುದಿಲ್ಲ, ಆದ್ದರಿಂದ ಬಾಡಿಗೆ ಇಳಿಯುವುದಿಲ್ಲ. ಅಂದಹಾಗೆ ಆ ಎರಡು ಲಕ್ಷದ ಮುಂಗಡಕ್ಕೆ ಶೇ. 7ರ ಬಡ್ಡಿ ಹಿಡಿದರೂ ವರ್ಷಕ್ಕೆ 14,000. ತಿಂಗಳಿಗೆ ಸಾವಿರದ ನೂರು ರೂಪಾಯಿ ಮೀರಿದ, ರಸೀದಿಯಲ್ಲಿ ಕಾಣದ ಬಾಡಿಗೆ ಅದು. ಮಾಲೀಕರು ತಮ್ಮ ಖರ್ಚಿನ ಪಟ್ಟಿ ಹೇಳುವಾಗ ಈ ಆದಾಯವನ್ನೂ ಹೇಳಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲನೆಯದಾಗಿ, ಬಾಡಿಗೆ ಮನೆಗೆ ಎರಡು ಪಟ್ಟು ಕಂದಾಯ ಹಾಕುವ ಪದ್ಧತಿ ಹೋಗಬೇಕು. ಮೊತ್ತ ಸಣ್ಣದು ಎಂದು ನಾನೇ ಲೆಕ್ಕ ತೋರಿಸಿದ್ದೇನೆ. ಆದರೂ ಅದು ತತ್ತ್ವದಲ್ಲೇ ತಪ್ಪು. ಸ್ವಂತ ಮನೆಯಲ್ಲಿರುವವರಿಗಿಂತ ಬಾಡಿಗೆಯಲ್ಲಿರುವವರು ಸಾಮಾನ್ಯವಾಗಿ ಕಡಿಮೆ ಉಳ್ಳವರು. ಅವರ ತಲೆಯ ಮೇಲಿನ ಸೂರಿಗೆ ಎರಡು ಪಟ್ಟು ತೆರಿಗೆ ಯಾವ ನ್ಯಾಯ? ಇದರಿಂದ ಇನ್ನೊಂದು ಹಾನಿಯಿದೆ, ಅದು ಹಣಕ್ಕಿಂತ ದೊಡ್ಡದು. ಎರಡು ಪಟ್ಟು ತಪ್ಪಿಸಲು ಎಷ್ಟೋ ಮಾಲೀಕರು ಮನೆಯನ್ನು ಸ್ವಂತ ವಾಸ ಎಂದೇ ಘೋಷಿಸುತ್ತಾರೆ. ಒಮ್ಮೆ ಹಾಗೆ ಬರೆದ ಮೇಲೆ ಬಾಡಿಗೆ ರಸೀದಿ ಕೊಡಲು ಹೆದರುತ್ತಾರೆ, ಕರಾರು ಬರೆಯಲು ಹಿಂದೆ ಮುಂದೆ ನೋಡುತ್ತಾರೆ, ಪ್ಯಾನ್ ಸಂಖ್ಯೆ ಕೊಡುವುದಿಲ್ಲ. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಸಂಬಳದಾರರು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯಬೇಕಾದರೆ ಆ ಸಂಖ್ಯೆ ಬೇಕೇಬೇಕು. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೂ ಬಾಡಿಗೆದಾರರು ತಾವು ಅಲ್ಲಿರುವುದಕ್ಕೆ ದಾಖಲೆ ತೋರಿಸಬೇಕಾಯಿತು. ಕಾಗದದಲ್ಲಿ ಇಲ್ಲದ ಬಾಡಿಗೆದಾರರು ಯಾವ ಹಕ್ಕನ್ನೂ ಕೇಳಲಾರರು.

ಎರಡನೆಯದು, ಕರಾರಿನಲ್ಲಿ ಬಾಡಿಗೆ ಬೇರೆ, ನೀರು-ಕಾಮನ್ ಮೀಟರಿನ ಖರ್ಚು ಬೇರೆ ಬರೆಯುವ ಪದ್ಧತಿ ಬರಬೇಕು. 2024ರ ಬೇಸಗೆಯ ಟ್ಯಾಂಕರ್ ಖರ್ಚನ್ನು ಬಾಡಿಗೆಗೆ ಸೇರಿಸಿದವರಲ್ಲಿ ಮಳೆ ಬಂದ ಮೇಲೆ ಅದನ್ನು ತೆಗೆದವರು ಎಷ್ಟು ಮಂದಿ? ಬಿಲ್ಲು ತೋರಿಸಿ ಹಂಚಿಕೊಂಡಿದ್ದರೆ ಟ್ಯಾಂಕರ್ ನಿಂತ ದಿನ ಆ ಖರ್ಚೂ ನಿಲ್ಲುತ್ತಿತ್ತು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ, ಊರ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಏರ್ಪಾಡು ಆಗಿದೆ. ಜಲಮಂಡಳಿ ಹನ್ನೊಂದು ವರ್ಷದ ಮೇಲೆ 2025ರ ಏಪ್ರಿಲ್‌ನಲ್ಲಿ ದರವನ್ನೂ ಏರಿಸಿತು. ಏರಿದ ದರದ ನಲ್ಲಿ ನೀರೂ ಟ್ಯಾಂಕರಿಗಿಂತ ಎಷ್ಟೋ ಅಗ್ಗ. ಬಾಡಿಗೆ ಇಳಿಸಲು ಸರ್ಕಾರ ಏನು ಮಾಡಬಹುದು ಎಂದು ಕೇಳಿದರೆ ಆ ಹಳ್ಳಿಗಳ ಪ್ರತಿ ಕಟ್ಟಡಕ್ಕೂ ನಲ್ಲಿ ಸಂಪರ್ಕ ಕೊಡಿ ಎಂಬುದೇ ನನ್ನ ಮೊದಲ ಉತ್ತರ.

ಮೂರನೆಯದು ಮುಂಗಡ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಮಾದರಿ ಕಾನೂನನ್ನು ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ. ಬಾಡಿಗೆ ಕೊಡದೆ ಕುಳಿತವರನ್ನು ಬಿಡಿಸಲು ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕು, ಅದಕ್ಕೇ ಹತ್ತು ತಿಂಗಳು ಹಿಡಿದುಕೊಳ್ಳುತ್ತೇವೆ ಎಂದು ಮಾಲೀಕರು ಹೇಳುತ್ತಾರೆ. ಅದು ನ್ಯಾಯವಾದ ಭಯ. ಹಾಗಾಗಿ ಮುಂಗಡ ಇಳಿಸುವುದೂ ಬೇಗ ತೀರ್ಪು ಕೊಡುವ ಬಾಡಿಗೆ ನ್ಯಾಯಾಲಯವೂ ಒಟ್ಟಿಗೆ ಬರಬೇಕು. ಒಂದನ್ನು ಬಿಟ್ಟು ಒಂದು ಬಂದರೆ ಬೀಗ ಹಾಕಿದ ಮನೆಗಳ ಸಂಖ್ಯೆ ಹೆಚ್ಚುತ್ತದೆ.

ಕೊನೆಯದಾಗಿ ಸ್ಮಿತ್‌ನ ಎರಡನೆಯ ಭಾಗ, ನೆಲದ ಬಾಡಿಗೆ. ಕಟ್ಟಡಕ್ಕೆ ತೆರಿಗೆ ಹಾಕಿದರೆ ಕಟ್ಟುವವರು ಕಡಿಮೆಯಾಗುತ್ತಾರೆ. ನೆಲಕ್ಕೆ ತೆರಿಗೆ ಹಾಕಿದರೆ ನೆಲ ಕಡಿಮೆಯಾಗುವುದಿಲ್ಲ, ನೆಲದ ಒಡೆಯ ಆಗಲೇ ಸಿಗುವಷ್ಟೂ ಪಡೆಯುತ್ತಿರುವುದರಿಂದ ಅದನ್ನು ಬಾಡಿಗೆದಾರನ ಮೇಲೆ ದಾಟಿಸಲೂ ಆಗುವುದಿಲ್ಲ ಎಂದು ಅವನು ವಾದಿಸಿದ್ದ. ನಮ್ಮ ನಗರದಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಮೆಟ್ರೊ ನಿಲ್ದಾಣದ ಹತ್ತಿರ ಸೈಟು ಖಾಲಿ ಬಿಟ್ಟು, ಬೆಲೆ ಏರಲೆಂದು ಕಾಯುವವರ ಮೇಲಿನ ತೆರಿಗೆ ಹಗುರ. ಅದೇ ಅಳತೆಯ ಸೈಟಿನಲ್ಲಿ ನಾಲ್ಕು ಮನೆ ಕಟ್ಟಿ ನಾಲ್ಕು ಕುಟುಂಬಗಳಿಗೆ ಜಾಗ ಕೊಟ್ಟವರ ಮೇಲೆ ಭಾರ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಐದೂ ಪಾಲಿಕೆಗಳು ಎಂದಾದರೂ ತಮ್ಮ ತೆರಿಗೆಯ ಕೋಷ್ಟಕವನ್ನು ಹೊಸದಾಗಿ ಬರೆಯಲೇಬೇಕು. ಆ ದಿನ ಖಾಲಿ ಸೈಟಿನ ಸಾಲಿನಲ್ಲಿ ಯಾವ ಅಂಕಿ ಬರುತ್ತದೆ, ಬಾಡಿಗೆ ಮನೆಯ ಸಾಲಿನಲ್ಲಿ ಯಾವುದು ಎಂಬುದನ್ನು ಮಾಲೀಕರ ಸಂಘಗಳಂತೂ ಕಾದು ನೋಡುತ್ತವೆ. ಬಾಡಿಗೆದಾರರಿಗೆ ಅಂಥ ಸಂಘಗಳು ಇಲ್ಲವೆಂಬಷ್ಟು ಕಡಿಮೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಅವರಿಗೂ ಇದೆ. ಈ ಸಭೆಯಲ್ಲಿ ಬಾಡಿಗೆಗೆ ಇರುವವರು ಅದನ್ನು ಸಲ್ಲಿಸಬೇಕೆಂದು ಕೇಳಿಕೊಂಡು ನನ್ನ ಉಪನ್ಯಾಸ ಮುಗಿಸುತ್ತೇನೆ.